ಡಿಕ್ಕಿ ನಿವಾರಣಾ ಆದೇಶ

ಕಂಪ್ಯೂಟರ್ ಜಾಲದ ಎರಡು ದಿನದ ತರಬೇತಿಗೆ ಹೋಗಿದ್ದ ಓರಣಯ್ಯ ಒಂದೂವರೆ ದಿನದ ಜ್ಞಾನ ಹೊತ್ತುಕೊಂಡು ಬಂದ. ಉಳಿದ ಅರ್ಧ ದಿನ, ಅಂದರೆ ಎರಡನೆಯ ದಿನ ಊಟವಾದ ನಂತರದ ಪಾಠ, ಅವನ ನೋಟ್‌ಪುಸ್ತಕದಲ್ಲಿ ಹೀಗೆ ದಾಖಲಾಗಿತ್ತು: ಮೇಲೆ 'ಬ್ರಾಡ್‌ಕಾಸ್ಟ್, ಅಂದರೆ ಎಲ್ಲರಿಗೂ ಒಮ್ಮೆಗೇ ಹೇಳುವುದು' ಎಂಬ ತಲೆಬರಹ, ಅದರ ಕೆಳಗೆ ಸ್ಕೇಲಿಟ್ಟು ಎಳೆದ ಎರಡು ಗೆರೆ, ಅಲ್ಲಿಂದ ಪುಟದ ಅಂಚಿನವರೆಗೆ ಪೆನ್ನು ತಾನೇ ಜಾರಿಕೊಂಡು ಹೋದ ಒಂದು ಗುರುತು. ಮೊದಲ ದಿನದ 'ಡಿಕ್ಕಿ'ಯ ಪಾಠ ಮಾತ್ರ ಒಂಬತ್ತು ಪುಟ, ಮೂರು ಬಣ್ಣದ ಶಾಯಿಯಲ್ಲಿ. ಪ್ರಮಾಣಪತ್ರದಲ್ಲಿ ಯಾರು ಎಷ್ಟು ಹೊತ್ತು ನಿದ್ದೆ ಮಾಡಿದರು ಎಂದು ಬರೆಯುವ ಪದ್ಧತಿ ಇಲ್ಲವಾದ್ದರಿಂದ ಅವನು ಜನನ ಮರಣ ನೋಂದಣಿ ಕಚೇರಿಗೆ ಪೂರ್ಣ ಪರಿಣತನಾಗಿಯೇ ಹಿಂದಿರುಗಿದ.

ಓರಣಯ್ಯ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಕಚೇರಿ ಇಟ್ಟದ್ದು. ಅವನ ಮೇಜಿನ ಮೇಲೆ ಪೆನ್ನುಗಳು ಉದ್ದದ ಪ್ರಕಾರ ಮಲಗಿರುತ್ತಿದ್ದವು. ಗುಂಡುಪಿನ್ನುಗಳ ತಲೆಗಳೆಲ್ಲ ಒಂದೇ ದಿಕ್ಕಿಗೆ. ಯಾರದೋ ಮನೆಗೆ ಸಾವು ವಿಚಾರಿಸಲು ಹೋದರೂ ಗೋಡೆಯ ಮೇಲೆ ಸೊಟ್ಟಗಿದ್ದ ಫೋಟೋವನ್ನು ನೆಟ್ಟಗೆ ಮಾಡದೆ ಬರುತ್ತಿರಲಿಲ್ಲ. ಇಂಥವನನ್ನು ಇಲಾಖೆ ಹನ್ನೊಂದು ವರ್ಷ 'ತಿದ್ದುಪಡಿ' ಎಂಬ ಫಲಕದ ಕೆಳಗಿನ ಕಿಟಕಿಯಲ್ಲಿ ಕೂರಿಸಿತ್ತು. ಹೆಸರಿನಲ್ಲಿ ಅಕ್ಷರ ತಪ್ಪಿದವರು, ತಂದೆಯ ಜಾಗದಲ್ಲಿ ಗಂಡನ ಹೆಸರು ಬಿದ್ದವರು, ಹುಟ್ಟುವ ಮೊದಲೇ ತೀರಿಕೊಂಡರೆಂದು ದಾಖಲಾದವರ ಮನೆಯವರು, ಎಲ್ಲರೂ ಅಂಗೈ ಅಗಲದ ಆ ಕಿಂಡಿಗೆ ಬಾಯಿಟ್ಟು ಕೂಗುತ್ತಿದ್ದರು. ತಪ್ಪು ಮಾಡಿದವರು ಒಳಗೆ ಚಹಾ ಕುಡಿಯುತ್ತಿದ್ದರು. ಬೈಗುಳ ತಿನ್ನುವುದು ಓರಣಯ್ಯನ ಪಾಲಿನ ಕೆಲಸ.

ತರಬೇತಿ ಅವನನ್ನು ಅಲ್ಲಿಂದ ಎತ್ತಿತು. ಕಚೇರಿಯ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಹೊಸ ಪೆಟ್ಟಿಗೆ ಬಂದಿತ್ತು. ಅದನ್ನು ನೋಡಿಕೊಳ್ಳಲು ಒಬ್ಬರು ಬೇಕಿತ್ತು. 'ಜಾಲ ಉಸ್ತುವಾರಿ' ಎಂಬ ಹುದ್ದೆ, ಹಳೆಯ ಅರ್ಜಿಗಳನ್ನು ಖಾಲಿ ಮಾಡಿ ಕೊಟ್ಟ ಒಂದು ಗಾಜಿನ ಕೋಣೆ, ಕೋಣೆಗೊಂದು ಬಾಗಿಲು, ಬಾಗಿಲಿಗೆ ಒಳಗಿನಿಂದ ಚಿಲಕ. ಒಂದು ತಿಂಗಳು ಪರೀಕ್ಷೆ. ಜಾಲ ಚೆನ್ನಾಗಿ ನಡೆದರೆ ಹುದ್ದೆ ಖಾಯಂ, ಇಲ್ಲವಾದರೆ ಮತ್ತೆ ಕಿಟಕಿ.

"ಚಿಲಕ ಇರೋ ಕೋಣೆ ಕಣೇ," ಎಂದು ಅವನು ಹೆಂಡತಿಗೆ ಮೂರು ಸಲ ಹೇಳಿದ. "ಯಾರೂ ಕೂಗೋ ಹಾಗಿಲ್ಲ."

ಅತ್ತೆ ಸುಮ್ಮನಿರಲಿಲ್ಲ. ಬಟ್ಟೆ ಒಣಹಾಕುವ ನೆಪದಲ್ಲಿ ಮಹಡಿ ಹತ್ತಿ ಅಕ್ಕಪಕ್ಕದ ನಾಲ್ಕು ಮಹಡಿಗಳಿಗೂ ಸುದ್ದಿ ಮುಟ್ಟಿಸಿದರು. "ಇನ್ಮೇಲೆ ನಮ್ಮ ಅಳಿಯಂದ್ರು ಹೂಂ ಅನ್ನದೆ ಈ ಊರಲ್ಲಿ ಯಾರೂ ಹುಟ್ಟೋ ಹಾಗಿಲ್ಲ, ಸಾಯೋ ಹಾಗೂ ಇಲ್ಲ!"

ಹುದ್ದೆಗೆ ಬಂದ ಮೊದಲ ಬೆಳಿಗ್ಗೆಯೇ ಓರಣಯ್ಯ ಪೆಟ್ಟಿಗೆಯನ್ನು ಪರಿಶೀಲಿಸಿದ. ಅದಕ್ಕೆ ಹದಿನಾರು ತೂತು. ಹನ್ನೆರಡರಲ್ಲಿ ಕಂಪ್ಯೂಟರುಗಳ ತಂತಿ, ಒಂದರಲ್ಲಿ ಪ್ರಿಂಟರಿನದು, ಒಂದರಲ್ಲಿ ಕೇಂದ್ರ ಕಚೇರಿಗೆ ಹೋಗುವುದು. ಹದಿನೈದನೆಯದರಿಂದ ಹೊರಟ ತಂತಿ ಮಾತ್ರ ಎಲ್ಲಿಗೂ ಹೋಗದೆ ಗೋಡೆಯ ಮೇಲೆ ಬಾಲದಂತೆ ನೇತಾಡುತ್ತಿತ್ತು. ಮುಂದೆ ಬರಲಿರುವ ಹದಿಮೂರನೆಯ ಕಂಪ್ಯೂಟರಿಗೆಂದು ತಂತಿ ಜೋಡಿಸಿದವನು ಬಿಟ್ಟುಹೋದದ್ದು ಅದು. ಹದಿನಾರನೆಯ ತೂತು ಖಾಲಿ.

ಒಂದು ಕಡೆ ನೆಲೆಯಿಲ್ಲದ ತಂತಿ, ಅದರ ಪಕ್ಕದಲ್ಲೇ ತಂತಿಯಿಲ್ಲದ ತೂತು. ಓರಣಯ್ಯನ ಎದೆ ಕಲಕಿತು. ಅವನು ನೇತಾಡುವ ತುದಿಯನ್ನು ಹಿಡಿದು, ಧೂಳು ಒರೆಸಿ, ಹದಿನಾರನೆಯ ತೂತಿಗೆ ಒತ್ತಿದ. ಟಕ್ ಎಂದಿತು. ಒಂದು ನಿಮಿಷದಲ್ಲಿ ಪೆಟ್ಟಿಗೆಯ ಹಸಿರು ದೀಪಗಳೆಲ್ಲ ಒಟ್ಟಿಗೆ ಪಟಪಟ ಮಿನುಗತೊಡಗಿದವು. ಅದಕ್ಕೂ ಸಂತೋಷವಾಗಿದೆ ಎಂದುಕೊಂಡು ಅವನು ಕೋಣೆಗೆ ಹೋಗಿ ಚಿಲಕ ಹಾಕಿಕೊಂಡ.

ಹತ್ತೂಕಾಲಿಗೆ ಯಾರೋ ಬಾಗಿಲು ಬಡಿದರು. ಮರಣ ವಿಭಾಗವನ್ನು ಇಪ್ಪತ್ತು ವರ್ಷದಿಂದ ನಡೆಸಿಕೊಂಡು ಬಂದ, ಎಲ್ಲರೂ ಮರಣದ ಮೇಡಂ ಎಂದೇ ಕರೆಯುವ ಹೆಂಗಸು ಹೊರಗೆ ನಿಂತಿದ್ದರು.

"ಏನ್ರೀ ಓರಣಯ್ಯನೋರೇ, ನನ್ನ ಕಂಪ್ಯೂಟ್ರು ಅಲ್ಲಾಡ್ತಿಲ್ಲ. ಒಬ್ರನ್ನ ಅರ್ಧ ಸಾಯಿಸಿದೀನಿ, ಉಳಿದರ್ಧ ಹೋಗ್ತಾನೇ ಇಲ್ಲ!"

"ನಮ್ಮಲ್ಲೂ ಯಾರೂ ಹುಟ್ತಿಲ್ಲ!" ಎಂದು ಜನನ ವಿಭಾಗದಿಂದ ಕೂಗು ಬಂತು.

ಹನ್ನೊಂದಕ್ಕೆ ಮುಖ್ಯಾಧಿಕಾರಿಗಳಿಂದ ಕರೆ ಬಂತು. ಈ ಮುಖ್ಯಾಧಿಕಾರಿಗಳು ಯಾವ ಕಾಯಿಲೆಗೂ ಶಿಸ್ತೇ ಮದ್ದು ಎಂದು ನಂಬಿದ್ದವರು. ಒಮ್ಮೆ ಚಾವಣಿ ಸೋರಿದಾಗಲೂ ಸಿಬ್ಬಂದಿಗೆ ಹೊತ್ತಿಗೆ ಸರಿಯಾಗಿ ಬರುವಂತೆ ಸುತ್ತೋಲೆ ಕಳಿಸಿದ್ದರು. ಓರಣಯ್ಯ ಅವರ ಮೇಜಿನ ಮೇಲೆ ಎರಡು ಪೇಪರ್‌ವೇಟುಗಳನ್ನು ಎದುರುಬದುರು ಇಟ್ಟ.

"ಸರ್, ಇದು ಜನನ. ಇದು ಮರಣ. ಇಬ್ರೂ ಒಂದೇ ಹೊತ್ತಲ್ಲಿ ಮಾಹಿತಿ ಕಳಿಸ್ತಾರೆ. ದಾರಿ ಒಂದೇ." ಅವನು ಎರಡನ್ನೂ ಜೋರಾಗಿ ಉರುಳಿಸಿದ. ಠಣ್ ಎಂದು ಬಡಿದು ಒಂದು ಮೇಜಿನಿಂದ ಕೆಳಗೆ ಬಿತ್ತು. "ಡಿಕ್ಕಿ, ಸರ್. ಇಬ್ಬರದೂ ಹಾಳು."

ಮುಖ್ಯಾಧಿಕಾರಿಗಳ ಮುಖ ಅರಳಿತು. ಇಪ್ಪತ್ತೆಂಟು ವರ್ಷದ ಸೇವೆಯಲ್ಲಿ ಕಂಪ್ಯೂಟರಿನ ಬಗ್ಗೆ ಅವರಿಗೆ ಅರ್ಥವಾದ ಮೊದಲ ಸಂಗತಿ ಇದು. "ಅಂದ್ರೆ ಒಬ್ಬರು ಕೆಲಸ ಮಾಡುವಾಗ ಇನ್ನೊಬ್ಬರು ನುಗ್ತಾರೆ! ನಾನು ಮೊದಲಿಂದ ಹೇಳ್ತಾನೇ ಇದೀನಿ, ಇವರಿಗೆ ಶಿಸ್ತಿಲ್ಲ. ಇದಕ್ಕೆ ಪುಸ್ತಕದಲ್ಲಿ ಪರಿಹಾರ ಏನಿದೆ?"

ಪುಸ್ತಕದಲ್ಲಿ ಪರಿಹಾರ ಇತ್ತು. ಕಳಿಸುವ ಮೊದಲು ದಾರಿ ಖಾಲಿಯೇ ಎಂದು ಕೇಳಿಸಿಕೊಳ್ಳಬೇಕು. ಇಬ್ಬರು ಒಟ್ಟಿಗೆ ಕಳಿಸಿ ಡಿಕ್ಕಿಯಾದರೆ ಇಬ್ಬರೂ ನಿಲ್ಲಬೇಕು. ಒಬ್ಬೊಬ್ಬರು ಒಂದೊಂದು ಲೆಕ್ಕಕ್ಕೆ, ಮನಸ್ಸಿಗೆ ಬಂದಷ್ಟು ಹೊತ್ತು ಕಾದು ಮತ್ತೆ ಕಳಿಸಬೇಕು. ಇದನ್ನೆಲ್ಲ ಮಾಡುವುದು ಕಂಪ್ಯೂಟರುಗಳೇ ಹೊರತು ಗುಮಾಸ್ತರಲ್ಲ ಎಂದೂ, ಅದು ಹಳೆಯ ಪೆಟ್ಟಿಗೆಯ ಕಾಲದ ಮಾತು, ಹೊಸ ಪೆಟ್ಟಿಗೆ ಪ್ರತಿಯೊಬ್ಬರಿಗೂ ಬೇರೆ ದಾರಿ ಕೊಡುವುದರಿಂದ ಅದರೊಳಗೆ ಡಿಕ್ಕಿಯ ಪ್ರಶ್ನೆಯೇ ಇಲ್ಲ ಎಂದೂ ಅದೇ ಪುಸ್ತಕದಲ್ಲಿತ್ತು. ಆದರೆ ಅದು ಹಸಿರು ಶಾಯಿಯಲ್ಲಿ ಬರೆದ ಭಾಗ. ಓರಣಯ್ಯ ಕೆಂಪು ಶಾಯಿಯದನ್ನು ಮಾತ್ರ ಓದಿ ಹೇಳಿದ.

ಮಧ್ಯಾಹ್ನದ ಹೊತ್ತಿಗೆ 'ಡಿಕ್ಕಿ ನಿವಾರಣಾ ಆದೇಶ' ಹೊರಬಿತ್ತು. ಹತ್ತರಿಂದ ಹನ್ನೆರಡು ಜನನ ಮಾತ್ರ, ಹನ್ನೆರಡರಿಂದ ಎರಡು ಮರಣ ಮಾತ್ರ. ಆಯಾ ಹೊತ್ತಿನಲ್ಲೂ ಯಾವುದೇ ಗುಮಾಸ್ತರು ಗುಂಡಿ ಒತ್ತುವ ಮುನ್ನ ಬಲಗೈ ಎತ್ತಿ "ಕಳಿಸಲಾ?" ಎಂದು ಕೇಳತಕ್ಕದ್ದು. ಇಬ್ಬರು ಒಟ್ಟಿಗೆ ಕೈ ಎತ್ತಿದಲ್ಲಿ ಇಬ್ಬರೂ ಜವಾನನ ಡಬ್ಬಿಯಿಂದ ಚೀಟಿ ಎತ್ತಿ, ಅದರಲ್ಲಿರುವಷ್ಟು ನಿಮಿಷ ಸುಮ್ಮನೆ ಕೂರತಕ್ಕದ್ದು. ಜವಾನ ಅಲ್ಲಿಯವರೆಗೆ ಮೈಕಿನಲ್ಲಿ ಟೋಕನ್ ನಂಬರು ಕೂಗಿಕೊಂಡು ಹಾಯಾಗಿದ್ದ. ಈಗ ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ಬಿಸ್ಕತ್ತಿನ ಡಬ್ಬಿ.

"ಕಳಿಸಲಾ?"

"ಕಳಿಸಲಾ?"

"ಇಬ್ರೂ ಒಟ್ಟಿಗೆ! ಬನ್ನಿ, ಚೀಟಿ ಎತ್ತಿ," ಎಂದು ಜವಾನ ಮೈಕಿನಲ್ಲೇ ಹೇಳಿದ. "ಮರಣಕ್ಕೆ ಹದಿನಾಲ್ಕು ನಿಮಿಷ. ಪಕ್ಕದ ಮೇಜಿಗೆ ಮೂರು."

"ನಂಗೆ ಯಾವಾಗ್ಲೂ ದೊಡ್ಡದೇ ಬರುತ್ತೆ," ಮರಣದ ಮೇಡಂ ಚೀಟಿ ಮಡಿಸುತ್ತ ಗೊಣಗಿದರು. "ಏನಪ್ಪಾ, ಡಬ್ಬಿ ಅಲ್ಲಾಡಿಸಿದ್ಯೋ ಇಲ್ವೋ?"

"ಸತ್ತೋರಿಗೇನು ಅವಸರ ಬಿಡಿ ಮೇಡಂ."

ಹೊರಗೆ ಎಂಬತ್ತು ಜನ ನಿಂತಿದ್ದರು. ಅವಳಿ ಮಕ್ಕಳ ತಂದೆಯೊಬ್ಬ ಮೂರು ದಿನದಿಂದ ಬರುತ್ತಿದ್ದ. ಮೊದಲ ಮಗುವಿನದು ಸೋಮವಾರ ಹೇಗೋ ಹೋಗಿತ್ತು. ಎರಡನೆಯದಕ್ಕೆ ಇಪ್ಪತ್ತು ನಿಮಿಷದ ಚೀಟಿ ಬಂದು, ಅಷ್ಟರಲ್ಲಿ ಹನ್ನೆರಡು ಹೊಡೆದು, ಮರಣದ ಹೊತ್ತು ಶುರುವಾಗಿತ್ತು. ಅವನು ಕಿಟಕಿಯಲ್ಲಿ ಮುಖವಿಟ್ಟು ಕೇಳಿದ: "ಸ್ವಾಮಿ, ನನ್ನ ಎರಡನೇ ಮಗು ಹುಟ್ಟಿದೆಯಾ, ಇಲ್ವಾ? ಮನೇಲಿ ಏನಂತ ಹೇಳ್ಲಿ?"

ಆದೇಶ ಇಷ್ಟು ಕಟ್ಟುನಿಟ್ಟಾಗಿ ನಡೆದರೂ ಕಂಪ್ಯೂಟರುಗಳು ಮಾತ್ರ ಜಡವಾಗಿಯೇ ಇದ್ದವು. ಶಿಸ್ತು ಸಾಲದು ಎಂದರು ಮುಖ್ಯಾಧಿಕಾರಿಗಳು. ಮೊದಲು ಒಂದೇ ವಿಭಾಗಕ್ಕೆ, ಆಮೇಲೆ ಒಬ್ಬನೇ ಒಬ್ಬ ಗುಮಾಸ್ತನಿಗೆ ಕಳಿಸಲು ಬಿಟ್ಟರು; ಕೊನೆಗೆ ಗುರುವಾರ ಸಂಜೆ ಎಲ್ಲ ಹನ್ನೆರಡು ಕಂಪ್ಯೂಟರುಗಳನ್ನೂ, ಪ್ರಿಂಟರನ್ನೂ ಆರಿಸಿ, "ಈಗ ದಾರಿ ಸ್ವಲ್ಪ ವಿಶ್ರಾಂತಿ ತಗೊಳ್ಳಲಿ" ಎಂದರು. ಕಚೇರಿ ಮೌನವಾಯಿತು. ಎಲ್ಲರೂ ಪೆಟ್ಟಿಗೆಯ ಕಡೆ ನೋಡಿದರು. ಹಸಿರು ದೀಪಗಳು ಪಟಪಟ ಎಂದು ಮೊದಲಿನಷ್ಟೇ ಹುಚ್ಚು ಹಿಡಿದಂತೆ ಮಿನುಗುತ್ತಿದ್ದವು.

ಜವಾನ ಡಬ್ಬಿ ಕೆಳಗಿಟ್ಟ. "ಓರಣಣ್ಣಾ, ಎಲ್ಲ ಆಫ್ ಮಾಡಿದೀವಿ. ಇಲ್ಲಿ ಯಾರೂ ಏನೂ ಕಳಿಸ್ತಿಲ್ಲ. ಹಂಗಿದ್ರೆ ಇದ್ಯಾರು ಯಾರಿಗೆ ಡಿಕ್ಕಿ ಹೊಡೀತಿರೋದು?"

"ಹಳೇ ಡಿಕ್ಕಿಗಳು," ಎಂದ ಓರಣಯ್ಯ. "ಒಳಗೆ ಉಳ್ಕೊಂಡಿರ್ತವೆ."

ಹೇಳಿ ಅವನು ದೀಪಗಳ ಕಡೆ ಬೆನ್ನು ಮಾಡಿ ನಿಂತ.

ಮನೆಯಲ್ಲಿ ಅವನು ತಟ್ಟೆಯ ಅನ್ನವನ್ನು ಚೌಕವಾಗಿ ಜೋಡಿಸುತ್ತ ಕೂತ. ಹೆಂಡತಿ ಬಸ್ ನಿಲ್ದಾಣದಲ್ಲಿ ಪ್ರಕಟಣೆ ಹೇಳುವವಳು. ದಿನವಿಡೀ ಮೈಕಿನ ಮುಂದೆ ಮಾತಾಡಿ ಬಂದು ಮನೆಯಲ್ಲಿ ಕಡಿಮೆ ಮಾತಾಡುವ ಅಭ್ಯಾಸ. ಆ ಕೊರತೆಯನ್ನು ಅತ್ತೆ ತುಂಬಿಕೊಡುತ್ತಿದ್ದರು.

"ಅಳಿಯಂದ್ರೇ, ಎದುರುಮನೆಯವರ ಮಾವ ಹೋಗ್ಬಿಟ್ರಂತೆ, ಸರ್ಟಿಫಿಕೇಟು ಬೇಗ ಕೊಡ್ಸಿ ಅಂದ್ರು. ನಾಳೆ ಹತ್ತಕ್ಕೇ ಕೊಡಿಸ್ತಾರೆ ಅಂತ ಹೇಳ್ಬಿಟ್ಟಿದೀನಿ."

"ಹತ್ತಕ್ಕೆ ಜನನ ಅತ್ತೆ. ಮರಣ ಹನ್ನೆರಡರ ಮೇಲೆ."

"ಅಯ್ಯೋ, ಅವ್ರಿಗೆ ಮೊದ್ಲೇ ಹೇಳಬಾರ್ದಿತ್ತಾ! ಬೆಳಿಗ್ಗೆ ಒಂಬತ್ತಕ್ಕೇ ಹೋಗ್ಬಿಟ್ರು ಪಾಪ."

ಹೆಂಡತಿ ನಕ್ಕಳು. ಆಮೇಲೆ ಗಂಡನ ಮುಖ ನೋಡಿ ನಗು ನಿಲ್ಲಿಸಿದಳು. "ಏನಾಯ್ತ್ರೀ? ಸರಿಯಾಗಿ ಹೇಳಿ."

ಅವನು ಹೇಳಿದ. ಎಲ್ಲ ಆರಿಸಿದ ಮೇಲೂ ಮಿನುಗುವ ದೀಪದವರೆಗೆ ಹೇಳಿದ. ಅವಳು ಕೈ ತೊಳೆದು ಬಂದು ಎದುರಿಗೆ ಕೂತಳು.

"ನೋಡಿ, ಮೊದ್ಲು ನಮ್ಮ ನಿಲ್ದಾಣದಲ್ಲಿ ಇಬ್ರು ಇದ್ವಿ. ಎರಡು ಮೈಕು, ಒಂದೇ ಲೈನು. ಇಬ್ರೂ ಒಟ್ಟಿಗೆ ಬಾಯಿಬಿಟ್ರೆ ಜನಕ್ಕೆ ಬರೀ ಗಿಜಿಗಿಜಿ. ಅದು ನೀವು ಹೇಳೋ ಡಿಕ್ಕಿ. ಒಬ್ರು ಸುಮ್ನಾದ್ರೆ ಅದು ಸರಿಹೋಗುತ್ತೆ. ಆದ್ರೆ ನಾನೊಬ್ಳೇ ಕೂತು ಬಸ್ಸು ಹೊರಡ್ತಿದೆ ಅಂತ ಹೇಳಿದ್ರೆ ಸಾವಿರ ಜನಕ್ಕೆ ಕೇಳುತ್ತೆ, ಎದ್ದು ಹೋಗೋರು ನಲವತ್ತು ಜನ. ಅದು ಡಿಕ್ಕಿ ಅಲ್ಲ, ಪ್ರಕಟಣೆ. ಅದರ ತೊಂದ್ರೆನೇ ಬೇರೆ."

"ಅದಕ್ಕೇನು ತೊಂದ್ರೆ? ನೀನೊಬ್ಳೇ ತಾನೇ?"

"ಒಂದ್ಸಲ ಗುಡಿಸೋಳು ಮೇಜು ಒರೆಸಿ, ನನ್ನ ಮೈಕನ್ನ ಸ್ಪೀಕರ್ ಕಡೆ ಮುಖ ಮಾಡಿ ಇಟ್ಟುಹೋಗಿದ್ಲು. ನಾನು ಒಂದು ಕೆಮ್ಮು ಕೆಮ್ಮಿದೆ, ಅಷ್ಟೆ. ಆ ಕೆಮ್ಮು ಸ್ಪೀಕರಿಂದ ಹೊರಗೆ ಬಂತು, ಮೈಕೊಳಗೆ ಹೋಯ್ತು, ಮತ್ತೆ ಸ್ಪೀಕರಿಗೆ ಬಂತು, ಮತ್ತೆ ಮೈಕಿಗೆ. ನಿಲ್ದಾಣವೆಲ್ಲ ಕುಂಯ್ಯೋ ಅಂತ ಕೂಗು. ನಾನು ಬಾಯಿ ಮುಚ್ಕೊಂಡೆ, ಎದ್ದು ಹೊರಗೆ ಬಂದೆ, ಆದ್ರೂ ಅದು ಕೂಗ್ತಾನೇ ಇತ್ತು. ಯಾರೂ ಮಾತಾಡ್ದೇ ಇದ್ರೂ ಸದ್ದು ನಿಲ್ತಿಲ್ಲ ಅಂದ್ರೆ, ಹೊರಗೆ ಹೋದದ್ದು ಎಲ್ಲಿಂದ್ಲೋ ಒಳಗೆ ಬರ್ತಿದೆ ಅಂತ ಅರ್ಥ. ನಿಮ್ಮ ಪೆಟ್ಟಿಗೇಲಿ ಹಂಗೆ ವಾಪಸ್ ಬರೋ ದಾರಿ ಏನಾದ್ರೂ ಇದ್ಯಾ?"

ಓರಣಯ್ಯ ಬಾಯಿಗೆ ಒಯ್ಯುತ್ತಿದ್ದ ತುತ್ತು ಅರ್ಧದಲ್ಲಿ ನಿಂತಿತು. ಹದಿನೈದರಿಂದ ಹೊರಟು ಹದಿನಾರಕ್ಕೆ ಬರುವ ಒಂದು ದಾರಿ ಅವನ ಕಣ್ಣಮುಂದೆ ಬಂತು. ಯಾವುದೋ ಕಂಪ್ಯೂಟರು "ಇಲ್ಲಿ ಪ್ರಿಂಟರ್ ಯಾರು?" ಎಂದು ಎಲ್ಲರನ್ನೂ ಒಂದೇ ಒಂದು ಸಲ ಕೇಳಿತ್ತು. ಪೆಟ್ಟಿಗೆ ಆ ಪ್ರಶ್ನೆಯನ್ನು ಎಲ್ಲ ತೂತುಗಳಿಗೂ ಕಳಿಸಿತ್ತು, ಏಕೆಂದರೆ ಎಲ್ಲರಿಗೂ ಎಂದು ಹೇಳಿದ್ದನ್ನು ಎಲ್ಲರಿಗೂ ಕಳಿಸುವುದು ಅದರ ಧರ್ಮ. ಹದಿನೈದರಿಂದ ಹೊರಹೋದದ್ದು ಹದಿನಾರರಿಂದ ಹೊಸ ಪ್ರಶ್ನೆಯಂತೆ ಒಳಬಂದಿತ್ತು. ನಾಲ್ಕು ದಿನದಿಂದ ಆ ಪೆಟ್ಟಿಗೆ ಸೆಕೆಂಡಿಗೆ ಸಾವಿರ ಸಲ ಪ್ರಿಂಟರ್ ಯಾರು, ಪ್ರಿಂಟರ್ ಯಾರು ಎಂದು ತನ್ನನ್ನೇ ಕೇಳಿಕೊಳ್ಳುತ್ತಿತ್ತು.

"ಒಂದು ತಂತಿ ನೇತಾಡ್ತಿತ್ತು," ಎಂದ ಅವನು ಮೆಲ್ಲಗೆ. "ನೋಡೋಕೆ ಚೆನ್ನಾಗಿರ್ಲಿಲ್ಲ."

ಮರುದಿನ ಬೆಳಿಗ್ಗೆ ಯಾರೂ ಬರುವ ಮೊದಲೇ ಹೋಗಿ ತಂತಿ ಕಿತ್ತ. ದೀಪಗಳು ತಣ್ಣಗಾದವು. ಒಂದು ಕಂಪ್ಯೂಟರು ಹಾಕಿ ಎದುರುಮನೆಯ ಮಾವನನ್ನು ದಾಖಲಿಸಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಪ್ರಮಾಣಪತ್ರ ಹೊರಬಂತು. ಅದನ್ನು ಹಿಡಿದುಕೊಂಡೇ ಕಾದು, ಹನ್ನೊಂದೂವರೆಗೆ ಮುಖ್ಯಾಧಿಕಾರಿಗಳು ಬಂದ ಕೂಡಲೇ ಅವರ ಕೋಣೆಗೆ ಓಡಿದ.

ಅವರು ಅವನಿಗಿಂತ ಹೆಚ್ಚು ಖುಷಿಯಲ್ಲಿದ್ದರು. "ಬನ್ನಿ ಬನ್ನಿ! ನೋಡಿದೆ, ಈಗಷ್ಟೇ ನನ್ನ ಕಂಪ್ಯೂಟ್ರು ಹಾರ್ತಾ ಇದೆ. ಕೊನೆಗೂ ಶಿಸ್ತು ಗೆದ್ದಿತು! ನಮ್ಮ ಆದೇಶವನ್ನ ನಿರ್ದೇಶಕರು ಮೆಚ್ಚಿ ನಲವತ್ತು ಶಾಖೆಗಳಿಗೂ ಕಳಿಸಿದಾರೆ. ಇಗೋ, ನಿಮ್ಮ ಹುದ್ದೆ ಖಾಯಂ ಪತ್ರ. ಸಹಿ ಹಾಕಿ ಇಟ್ಟಿದೀನಿ."

"ಸರ್, ಶಿಸ್ತಲ್ಲ ಸರ್. ತಂತಿ. ನಾನೇ ಚುಚ್ಚಿದ್ದೆ, ನಾನೇ ಕಿತ್ತೆ. ಅಲ್ಲಿ ಡಿಕ್ಕಿ ಅನ್ನೋದೇ ಇರ್ಲಿಲ್ಲ."

ಮುಖ್ಯಾಧಿಕಾರಿಗಳು ಎದ್ದು ಬಾಗಿಲು ಮುಚ್ಚಿ ಬಂದು ಕೂತರು. "ಇದನ್ನ ಯಾರ್ಯಾರಿಗೆ ಹೇಳಿದೀರಿ?"

"ಕಚೇರಿಯಲ್ಲಿ ನಿಮಗೊಬ್ಬರಿಗೇ ಸರ್."

"ಹಾಗಾದ್ರೆ ಇದು ನನಗೆ ಹೇಳಿದ್ದು, ಎಲ್ಲರಿಗೂ ಹೇಳಿದ್ದಲ್ಲ. ಎರಡಕ್ಕೂ ವ್ಯತ್ಯಾಸ ಇದೆ ಓರಣಯ್ಯ, ತರಬೇತಿಯಲ್ಲಿ ಕಲಿಸಿರಬೇಕಲ್ಲ. ಆದೇಶ ಹೊರಟಾಗಿದೆ. ಹೊರಟ ಆದೇಶ ವಾಪಸ್ ಬರಬಾರ್ದು. ತಗೊಳ್ಳಿ ಪತ್ರ."

ಅಷ್ಟರಲ್ಲಿ ಮೇಜಿನ ಫೋನು ಬಡಿದುಕೊಂಡಿತು. ಯಾವುದೋ ಶಾಖೆ. ಮುಖ್ಯಾಧಿಕಾರಿಗಳು ಅದನ್ನು ಓರಣಯ್ಯನ ಕೈಗೆ ಕೊಟ್ಟರು.

"ಸರ್, ನಮ್ಮಲ್ಲಿ ಎಲ್ಲ ಚೆನ್ನಾಗೇ ನಡೀತಿತ್ತು," ಎಂದಿತು ಆ ಕಡೆಯ ವಿನೀತ ದನಿ. "ಬೆಳಿಗ್ಗೆಯಿಂದ ಆದೇಶದ ಪ್ರಕಾರ ಚೀಟಿ ಎತ್ತೋಕೆ ಶುರು ಮಾಡಿದ್ವಿ, ಎಲ್ಲ ನಿಂತೋಯ್ತು. ಚೀಟಿ ಎಷ್ಟು ದೊಡ್ಡದಿರ್ಬೇಕು ಅಂತ ಕೇಳೋಣ ಅಂತ ಮಾಡಿದೆ."

ಓರಣಯ್ಯ ಒಂದು ಕೈಯಲ್ಲಿ ಖಾಯಂ ಪತ್ರ ಹಿಡಿದು ಹೊರಗೆ ಬಂದ. ಗಾಜಿನ ಕೋಣೆ ಅಲ್ಲೇ ಎದುರಿಗಿತ್ತು, ಬಾಗಿಲು ತೆರೆದುಕೊಂಡು, ಚಿಲಕ ಹೊಳೆಯುತ್ತ. ನಾಲ್ಕು ಹೆಜ್ಜೆ ಅಷ್ಟೆ. ಆದರೆ ನಡುವೆ ಎಂಬತ್ತು ಜನ ನಿಂತಿದ್ದರು. ಗುಮಾಸ್ತರು ಚುರುಕಾದ ಕಂಪ್ಯೂಟರುಗಳ ಮುಂದೆ ಕೈ ಕಟ್ಟಿ, ಚೀಟಿಯ ನಿಮಿಷಗಳು ಮುಗಿಯಲೆಂದು ಗಡಿಯಾರ ನೋಡುತ್ತಿದ್ದರು. ಅವಳಿ ಮಕ್ಕಳ ತಂದೆ ಅವನ ತೋಳು ಹಿಡಿದ.

"ಸ್ವಾಮಿ, ಈಗ ಹನ್ನೊಂದು ಮುಕ್ಕಾಲು. ಇವತ್ತಾದ್ರೂ ನನ್ನ ಮಗು ಹುಟ್ಟುತ್ತಾ?"

ಓರಣಯ್ಯ ಕೋಣೆಯ ಕಡೆ ನೋಡಿದ. ಆಮೇಲೆ ಜವಾನನ ಹತ್ತಿರ ಹೋಗಿ ಕೈ ಚಾಚಿದ. "ಅದನ್ನ ಇಲ್ಲಿ ಕೊಡು."

"ಡಬ್ಬಿನಾ?"

"ಮೈಕು."

ಅವನು ಗಂಟಲು ಸರಿಮಾಡಿಕೊಂಡ. ಕಚೇರಿಯ ಒಳಗೂ, ಸಾಲಿನಲ್ಲೂ, ಮೆಟ್ಟಿಲ ಮೇಲೂ, ಮುಚ್ಚಿದ ಬಾಗಿಲ ಹಿಂದೆ ಕೂತ ಮುಖ್ಯಾಧಿಕಾರಿಗಳಿಗೂ ಒಂದೇ ಹೊತ್ತಿಗೆ ಕೇಳುವಂತೆ ಹೇಳಿದ:

"ಎಲ್ಲರೂ ಗಮನ ಕೊಡಬೇಕು. ನಾಲ್ಕು ದಿನ ಕಂಪ್ಯೂಟ್ರು ನಿಂತಿದ್ದಕ್ಕೆ ಕಾರಣ ಒಂದು ತಂತಿ. ಅದನ್ನ ತಪ್ಪು ಜಾಗಕ್ಕೆ ಚುಚ್ಚಿದವನು ನಾನು. ಈಗ ಕಿತ್ತಿದೀನಿ. ಡಿಕ್ಕಿ ಇಲ್ಲ, ಮೊದಲೂ ಇರ್ಲಿಲ್ಲ. ಚೀಟಿ ಬೇಡ, ಕೈ ಎತ್ತೋದೂ ಬೇಡ. ಎಲ್ಲರೂ ಒಟ್ಟಿಗೇ ಕಳಿಸಿ."

ಮೊದಲು ಮರಣದ ಮೇಡಂ ನಿನ್ನೆಯಿಂದ ಕೈಯಲ್ಲೇ ಉಳಿದಿದ್ದ ಹದಿನೆಂಟು ನಿಮಿಷದ ಚೀಟಿಯನ್ನು ಹರಿದು, ಹನ್ನೆರಡಕ್ಕೂ ಕಾಯದೆ ಗುಂಡಿ ಒತ್ತಿದರು. ಆಮೇಲೆ ಹನ್ನೆರಡೂ ಗುಂಡಿ. ಪ್ರಿಂಟರು ಬಿಡುವಿಲ್ಲದೆ ಹಾಳೆ ಉಗುಳತೊಡಗಿತು. ಹುಟ್ಟಿದವರೂ ಸತ್ತವರೂ ಒಬ್ಬರ ಮೇಲೊಬ್ಬರು ಬೆಚ್ಚಗೆ ಬಂದು ಬಿದ್ದರು. ಯಾರಿಗೂ ಯಾರೂ ತಾಗಲಿಲ್ಲ.

"ನಾಲ್ಕು ದಿನ ನಮ್ಮನ್ನ ಕೈ ಎತ್ತಿಸಿದ್ರಲ್ರೀ, ಶಾಲೆ ಮಕ್ಕಳ ಹಾಗೆ!" ಎಂದರು ಮೇಡಂ. ಆದರೆ ತಲೆಯೆತ್ತಿ ಬೈಯಲು ಅವರಿಗೆ ಪುರುಸೊತ್ತಿರಲಿಲ್ಲ.

ಮುಖ್ಯಾಧಿಕಾರಿಗಳ ಬಾಗಿಲು ತೆರೆಯಿತು. ಅವರ ಮುಖ ಸುತ್ತೋಲೆಯ ಹಾಳೆಯಷ್ಟು ಬೆಳ್ಳಗಿತ್ತು. ಓರಣಯ್ಯ ಪತ್ರವನ್ನು ಅವರ ಕೈಗೆ ವಾಪಸ್ ಕೊಟ್ಟ.

"ನಾಳೆಯಿಂದ ನೀವು ತಿದ್ದುಪಡಿ," ಎಂದರು ಅವರು ಹಲ್ಲು ಕಚ್ಚಿ.

"ಇವತ್ತಿಂದಲೇ ಸರ್. ಅಲ್ಲಿ ಸಾಲು ಉದ್ದ ಇದೆ."

ಅವನು ಹೋಗಿ ಕಿಟಕಿ ತೆರೆದ. ಅಂಗೈ ಅಗಲದ ಕಿಂಡಿಗೆ ಮೂರು ಬಾಯಿ ಒಮ್ಮೆಗೇ ಬಂದವು. ಒಬ್ಬ ಗಂಡಸು, ಒಬ್ಬ ಹುಡುಗಿ, ಒಬ್ಬ ಅಜ್ಜಿ. ಮೂವರೂ ಕಾಗದ ಝಾಡಿಸುತ್ತ ಒಟ್ಟಿಗೆ ಕೂಗಿದರು. ಒಂದಕ್ಷರವೂ ತಿಳಿಯಲಿಲ್ಲ. ಹನ್ನೊಂದು ವರ್ಷ ಹೀಗೇ ಕೇಳಿದ್ದ, ಅಂದರೆ ಹನ್ನೊಂದು ವರ್ಷ ಏನೂ ಕೇಳಿರಲಿಲ್ಲ.

"ಒಬ್ಬೊಬ್ಬರಾಗಿ ಹೇಳಿ," ಎಂದ.

ಮೂವರೂ ಒಟ್ಟಿಗೆ ನಿಲ್ಲಿಸಿದರು. ಮೂವರೂ ಒಬ್ಬರ ಮುಖ ಒಬ್ಬರು ನೋಡಿ, ಅಷ್ಟೇ ಹೊತ್ತು ಕಾದು, ಮೂವರೂ ಮತ್ತೆ ಒಟ್ಟಿಗೆ ಶುರು ಮಾಡಿದರು.

"ನಿಲ್ಲಿ ನಿಲ್ಲಿ! ಅಜ್ಜಿ, ನೀವು ಮೂರು ಎಣಿಸಿ. ನೀನು ಮೂವತ್ತು ಎಣಿಸಮ್ಮ. ನೀವು ಅರವತ್ತು ಎಣಿಸಿ ಸ್ವಾಮಿ."

ಗಂಡಸು ಬೈಯಲು ಬಾಯಿ ತೆರೆದ, ಆದರೆ ಎಣಿಕೆ ತಪ್ಪೀತೆಂದು ಮುಚ್ಚಿಕೊಂಡ. ಅಜ್ಜಿ ಮೂರು ಎಣಿಸಿ ಕಾಗದವನ್ನು ಕಿಂಡಿಯೊಳಗೆ ತೂರಿಸಿದರು.

"ನನ್ನ ಮೊಮ್ಮಗಳು ಹೋದ ತಿಂಗಳು ಹುಟ್ಟಿದ್ಲು ಕಣಪ್ಪಾ. ನೀವು ಬರೆದಿರೋ ಇಸವಿ ನೋಡಿದ್ರೆ ನನಗಿಂತ ಎಂಟು ವರ್ಷ ದೊಡ್ಡೋಳು. ಈಗ ಆ ಕೂಸನ್ನ ಎತ್ಕೊಂಡು ನಾನು 'ಅಕ್ಕಾ' ಅಂತ ಕರೀಬೇಕಾ?"

ಓರಣಯ್ಯ ಕಾಗದ ನೋಡಿದ. ಅಜ್ಜಿ ಹೇಳಿದ್ದು ನಿಜ. ಆ ಕಿಟಕಿಯಲ್ಲಿ ಒಂದು ದೂರು ಮೊದಲ ಮಾತಿನಿಂದ ಕೊನೆಯ ಮಾತಿನವರೆಗೆ ಅವನ ಕಿವಿಗೆ ಬಿದ್ದದ್ದು ಅದೇ ಮೊದಲು.

"ಬೇಡಮ್ಮ," ಎಂದು ಅವನು ಪೆನ್ನು ತೆಗೆದ. "ನೀವೇ ದೊಡ್ಡೋರು. ಈಗಲೇ ಬರೆದುಕೊಡ್ತೀನಿ."